ಹೆಸರಿಗೊಂದು ತುತ್ತು

ನಾನು ಕಾರವಾರದಲ್ಲಿ ಏಕಾದಶಿ ಉಪವಾಸ ಮಾಡಿದರೂ ಏನೂ ಪ್ರಯೋಜನವಿಲ್ಲ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಅಂಕೋಲೆಯಲ್ಲಿ ಒಬ್ಬರು ನನ್ನ ಹೆಸರು ಹೇಳಿ ಒಂದು ತುತ್ತು ಅನ್ನ, ಅದೂ ಬಂಗಡೆ ಮೀನಿನ ಸಾರಿನಲ್ಲಿ ಕಲಸಿದ್ದು, ನುಂಗಿಬಿಡುತ್ತಾರೆ! ಉಪವಾಸದ ಪುಣ್ಯ ಎಲ್ಲಿ ಉಳಿಯಬೇಕು?

ಅವರು ನನ್ನ ಭಾವ, ಅಕ್ಕನ ಗಂಡ. ವಯಸ್ಸು ಐವತ್ತು ದಾಟಿದೆ. ಪೇಟೆಯಲ್ಲಿ ಮೊಳೆ, ಬಣ್ಣ, ಪೈಪು ಮಾರುವ ಅಂಗಡಿ ಇದೆ. ಊಟಕ್ಕೆ ಕೂರುವವರೆಗೆ ಎಲ್ಲರಂತೆಯೇ ಇರುತ್ತಾರೆ.

ಅವರ ಈ ಗುಣ ಮೊದಲು ಗೊತ್ತಾದದ್ದು ನನಗೇ. ಮದುವೆಯಾದ ಮೇಲೆ ಮೊದಲ ಸಲ ಕದ್ವಾಡದ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಪ್ರತಿ ತುತ್ತು ಎತ್ತುವಾಗಲೂ ಕಣ್ಣು ಅರೆ ಮುಚ್ಚಿ, ತುಟಿ ಅಲ್ಲಾಡಿಸಿ, ಆಮೇಲೆ ಬಾಯಿಗಿಡುತ್ತಿದ್ದರು. ಊಟದ ನಡುವೆಯೂ ಜಪ ಬಿಡದ ಅಳಿಯ ಈ ಕಾಲದಲ್ಲಿ ಯಾರಿಗೆ ಸಿಗುತ್ತಾನೆ ಎಂದು ಅಪ್ಪ ಅಡುಗೆಮನೆಗೆ ಬಂದು ಅಮ್ಮನ ಕಿವಿಯಲ್ಲಿ ಹೇಳಿದರು. ಆಗ ನಾನು ಕಾಲೇಜು ಹುಡುಗಿ. ಸಾರು ಬಡಿಸಲು ಬಗ್ಗಿದಾಗ ಜಪ ಸ್ಪಷ್ಟವಾಗಿ ಕೇಳಿತು.

“ಇದು ಅಮದಳ್ಳಿ ಚಿಕ್ಕಪ್ಪಂದು... ಇದು ಪೋಸ್ಟ್‌ಮನ್ನಂದು...”

ಸೌಟು ಕೈಜಾರಿ ಭಾವನ ಹೊಸ ಪಂಚೆಯ ಮೇಲೆ ಬಿತ್ತು. ಅಪ್ಪನಿಗೆ ಇವತ್ತಿಗೂ ನಾನು ನಿಜ ಹೇಳಿಲ್ಲ. ಅಳಿಯನ ದೈವಭಕ್ತಿಯ ಬಗ್ಗೆ ಅವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ಈಗ ವಾಪಸು ತರುವುದು ಹೇಗೆ?

ಇದರ ಮೂಲವನ್ನು ಅಕ್ಕನಿಗೆ ತಿಳಿಸಿದವರು ಭಾವನ ತಾಯಿ. ಭಾವನಿಗೆ ಅವರು ಆಯಿ, ಹಾಗಾಗಿ ನಮಗೆಲ್ಲರಿಗೂ ಆಯಿಯೇ. ಭಾವ ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದರಂತೆ. (ಈಗ ನೋಡಿದವರು ನಂಬುವುದಿಲ್ಲ.) ಅನ್ನ ಕಂಡರೆ ಬಾಯಿ ಹೊಲಿದುಕೊಂಡು ಕೂರುತ್ತಿದ್ದರಂತೆ. ಆಯಿ ಜಗಲಿಯಲ್ಲಿ ಕೂರಿಸಿಕೊಂಡು, ಇದು ಅಜ್ಜಂದು, ಇದು ಚಿಕ್ಕಪ್ಪಂದು ಎಂದು ಹೆಸರಿಗೊಂದು ತುತ್ತು ತಿನ್ನಿಸಲು ಶುರು ಮಾಡಿದರು. ಹುಡುಗನಿಗೆ ಯಾರಿಗೂ ಬೇಸರ ಮಾಡಲು ಮನಸ್ಸಿಲ್ಲ, ಬಾಯಿ ತೆರೆಯುತ್ತಿದ್ದ. ನೆಂಟರು ಮುಗಿದರೂ ತಟ್ಟೆಯಲ್ಲಿ ಅನ್ನ ಉಳಿದಿರುತ್ತಿತ್ತು. ಆಗ ಪೋಸ್ಟ್‌ಮನ್ ಬಂದರು, ಬಸ್ಸಿನ ಡ್ರೈವರ್ ಬಂದರು, ಮೀನು ಮಾರುವ ಬಾಯಮ್ಮ ಬುಟ್ಟಿ ಸಮೇತ ಬಂದರು. ಹುಡುಗ ದೊಡ್ಡವನಾದ, ಮೀಸೆ ಬಂತು, ಅಂಗಡಿ ಇಟ್ಟ. ಆದರೆ ಹೆಸರಿಲ್ಲದ ತುತ್ತು ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ಅಕ್ಕ ಇದನ್ನೆಲ್ಲ ನಗುತ್ತಲೇ ಕೇಳಿದಳು. ಕೇಳಿ ಮುಗಿದ ಮೇಲೆ ತನ್ನ ತುತ್ತು ಎಷ್ಟನೆಯದು ಎಂದು ಗಂಡನನ್ನು ವಿಚಾರಿಸಿದಳು. ಭಾವ ಸುಳ್ಳು ಹೇಳಲಾರದ ಮನುಷ್ಯ. ಬಸ್ಸಿನ ಡ್ರೈವರ್ ಆದಮೇಲೆ ಎಂದರು. ಎರಡು ದಿನ ಅಂಕೋಲೆಯ ಆ ಮನೆಯಲ್ಲಿ ಬರೀ ಗಂಜಿ ಬೆಂದಿತು. ಮೂರನೆಯ ದಿನ ಅಕ್ಕನಿಗೆ ಅಜ್ಜನ ಪಕ್ಕದಲ್ಲೇ ಜಾಗ ಸಿಕ್ಕಿತು, ಮೀನಿನ ಹೊಟ್ಟೆಯ ಭಾಗದ ತುಂಡು ಸೇರಿಸಿ!

ಅಮದಳ್ಳಿ ಚಿಕ್ಕಪ್ಪನ ಕತೆ ಇನ್ನೂ ಚೆಂದ. ಯಾವುದೋ ಗಡಿಯ ಮಾವಿನ ಮರದ ವಿಷಯಕ್ಕೆ ಅವರಿಗೂ ಭಾವನಿಗೂ ಮಾತು ಬೆಳೆಯಿತು. ಭಾವ ಮನೆಗೆ ಬಂದವರೇ ಊಟದಲ್ಲಿ ಚಿಕ್ಕಪ್ಪನ ತುತ್ತು ಬಿಟ್ಟರು. ಸುದ್ದಿ ಅಮದಳ್ಳಿ ಮುಟ್ಟಿತು. ಚಿಕ್ಕಪ್ಪ ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬಂದು ನೇರ ಅಂಗಡಿಯ ಮುಂದೆ ನಿಂತರು.

“ಮರ ನೀನೇ ಇಟ್ಕೋ ಮಾರಾಯಾ,” ಅಂದರಂತೆ. “ನನ್ನ ತುತ್ತು ಎಂತಕ್ಕೆ ಬಿಟ್ಟೆ?”

ಆವತ್ತು ಮಧ್ಯಾಹ್ನ ಭಾವ ಅವರ ಎದುರೇ, ಅವರ ಹೆಸರಿನಲ್ಲಿ, ಲಿಂಬೆಹಣ್ಣಿನ ಗಾತ್ರದ ತುತ್ತು ಉಂಡು ತೋರಿಸಿದರು. ಮರದ ಹಣ್ಣು ಈಗ ಎರಡೂ ಮನೆಗೆ ಹೋಗುತ್ತದೆ.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಕಳೆದ ವರ್ಷ ಸಕ್ಕರೆ ಕಾಯಿಲೆ ಬಂತು. ಅನ್ನ ಅರ್ಧಕ್ಕೆ ಇಳಿಸಿ ಎಂದರು ಡಾಕ್ಟರು. ಅವರಿಗೇನು ಗೊತ್ತು ಪಾಪ! ಭಾವ ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. ಪಟ್ಟಿಯಲ್ಲಿ ಇಪ್ಪತ್ತಾರು ಜನ. ಹದಿಮೂರು ಜನರನ್ನು ಬಿಡುವುದೆಂದರೆ ಯಾರನ್ನು?

ಮನೆತನದ ವಾಟ್ಸಾಪ್ ಗುಂಪಿನಲ್ಲಿ ಗದ್ದಲವೋ ಗದ್ದಲ. ತನ್ನನ್ನು ತೆಗೆದರೆ ಹಾಸಿಗೆ ಸಮೇತ ಅಂಕೋಲೆಗೆ ಬಂದು ಕೂರುವುದಾಗಿ ಚಿಕ್ಕಪ್ಪ ಧ್ವನಿಮುದ್ರಣ ಕಳಿಸಿದರು. ಆ ಭಾನುವಾರ ನಾನೂ ಕಾರವಾರದಿಂದ ಬಸ್ಸು ಹತ್ತಿದೆ. ಭಾವನ ಆರೋಗ್ಯ ವಿಚಾರಿಸಲು ಎಂದು ಹೇಳಿಕೊಂಡೆ. ನಿಜವೆಂದರೆ ನನ್ನದು ಹತ್ತೊಂಬತ್ತನೆಯ ತುತ್ತು, ಹದಿಮೂರರ ಆಚೆಗಿನದು.

ನಾನು ತಲುಪುವಾಗ ಅಕ್ಕ ಚೀಟಿಯಲ್ಲಿ ಹೆಸರು ಬರೆದುಕೊಂಡು ಕೂತಿದ್ದಳು. ಮೊದಲು ತೀರಿಹೋದವರನ್ನು ತೆಗೆಯೋಣ ಎಂದಳು. ಅಜ್ಜ, ಪೋಸ್ಟ್‌ಮನ್, ಮೀನಿನ ಬಾಯಮ್ಮ, ಇನ್ನೂ ಮೂರು ಜನ. ಭಾವ ಒಪ್ಪಲಿಲ್ಲ.

“ಬದುಕಿದ್ದವ್ರು ಅವ್ರವ್ರ ಮನೆಲಿ ಉಣ್ತಾರೆ,” ಅಂದರು. “ಇವ್ರ ಹೆಸ್ರಲ್ಲಿ ನಾನೂ ಉಣ್ದೇ ಇದ್ರೆ ಮತ್ಯಾರು ಉಣ್ಣುದು?”

ಕೊನೆಗೆ ದಾರಿ ತೋರಿಸಿದವಳು ಅಕ್ಕನೇ. ಜನ ಅಷ್ಟೇ ಇರಲಿ, ತುತ್ತು ಅರ್ಧ ಮಾಡಿ ಎಂದಳು. ಇಷ್ಟು ಸುಲಭದ ಉಪಾಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ! ಎಲ್ಲರಿಗೂ ಹಸಿವು ಹತ್ತಿತು, ಎಲೆ ಹಾಕಿದೆವು.

ಯಾರ ಹೆಸರೂ ತಪ್ಪಬಾರದೆಂದು ಚೀಟಿ ಓದುವ ಕೆಲಸ ನನಗೆ ಬಂತು. ಭಾವ ಮೊದಲ ತುತ್ತು ಎತ್ತುವ ಮೊದಲೇ ಒಮ್ಮೆ ಇಪ್ಪತ್ತಾರೂ ಓದಿದೆ. ಓದಿ ಮುಗಿಸಿದ ಮೇಲೆ ಏನೋ ಕೊರೆಯಿತು. ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದೆ. ಆಯಿಯ ಹೆಸರು ಇರಲಿಲ್ಲ.

ಭಾವನಿಗೂ ಗಾಬರಿಯಾಯಿತು. ಅವರು ಬಾಯಲ್ಲೇ ಪಟ್ಟಿಯನ್ನು ಮತ್ತೆ ಹೇಳಿಕೊಂಡರು, ಇರಲಿಲ್ಲ. ಐವತ್ತು ವರ್ಷದಲ್ಲಿ ಅವರ ನೆನಪಿಗೆ ಒಂದು ದಿನವೂ ಇರಲಿಲ್ಲ. ಎಲೆಯ ಮೇಲೆ ಕೈ ಹಾಗೇ ನಿಂತಿತು.

ಆಯಿ ಗೋಡೆಗೆ ಒರಗಿ ಕೂತಿದ್ದರು. ವಯಸ್ಸು ಎಂಬತ್ತರ ಹತ್ತಿರ, ಮಾತು ಮೆಲ್ಲಗೆ ಬರುತ್ತದೆ.

“ಇತ್ತು,” ಅಂದರು. “ಮೊದ್ಲು ನಂದೂ ಇತ್ತು. ಇದು ಆಯಿದು ಅಂದ್ರೆ ಸಾಕು, ನೀ ನನ್ನ ಕೈ ಹಿಡ್ದು ನನ್ನ ಬಾಯಿಗೇ ತಿರುಗಿಸ್ತಿದ್ದೆ. ನಾ ತಿಂದ್ರೇ ನಿಂಗೆ ಸಮಾಧಾನ. ನಿನ್ನ ಹೊಟ್ಟೆಗೆ ಹೋಗುದೇ ನಾಕು ಅಗುಳು, ಅದ್ರಲ್ಲೂ ಒಂದು ತುತ್ತು ಕಡ್ಮೆ ಆಗ್ತಿತ್ತು. ಅದ್ಕೇ ನನ್ನ ಹೆಸ್ರು ಹೇಳುದು ಬಿಟ್ಟೆ.”

ಭಾವ ತಮ್ಮ ಎಲೆಯ ಅನ್ನವನ್ನು ಸಾರಿನಲ್ಲಿ ಮೆತ್ತಗೆ ಕಲಸಿದರು. ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ ಎಲೆಯ ಅಂಚಿಗೆ ಇಟ್ಟರು. ಅರ್ಧ ತುತ್ತಲ್ಲ, ಇಡೀ ತುತ್ತು ಮಾಡಿಕೊಂಡು ಎದ್ದು ಹೋಗಿ ಆಯಿಯ ಎದುರು ಕೂತರು.

“ಇದು ಆಯಿದು,” ಅಂದರು.

ಆಯಿ ಬೇಡವೆಂದು ಎರಡು ಸಲ ತಲೆ ಅಲ್ಲಾಡಿಸಿದರು. ಭಾವ ಕೈ ಹಿಂದೆಗೆಯಲಿಲ್ಲ. ಮೂರನೆಯ ಸಲ ಆಯಿ ಬಾಯಿ ತೆರೆದರು.