ದಪ್ಪ ಎಣ್ಣೆ, ತೆಳು ಎಣ್ಣೆ

ಅಣ್ಣನಿಗೆ ನಾನೊಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಬಾಯಿಗೆ ಬಂದ ಮಾತು, ಕನ್ನಡ ನಾಡು ಒಂದಾಗುವವರೆಗೂ ಹೊರಗೆ ಬರಲಿಲ್ಲ. ಸುಳ್ಳು ಹೇಳಿದವನಿಗೆ ಏನೋ ಒಂದು ಹೇಳಿದೆನೆಂಬ ಸಮಾಧಾನವಾದರೂ ಇರುತ್ತದೆ. ಬರೇ ತಲೆಯಾಡಿಸಿದವನಿಗೆ ಅದೂ ಇಲ್ಲ.

ಬೆಟಗೇರಿಯಲ್ಲಿ ನಮ್ಮದು ಗಾಣದ ಮನೆ. ಮೂರನೆಯ ಇಯತ್ತೆಗೇ ನಾನು ಶಾಲೆ ಬಿಟ್ಟಿದ್ದರೂ ಎಣ್ಣೆಯ ವಿಷಯದಲ್ಲಿ ಪಂಡಿತನೆಂದು ಓಣಿಯಲ್ಲಿ ಹೆಸರಿತ್ತು. ಅಂಗೈಗೆ ಒಂದು ಹನಿ ಹಾಕಿ, ತಿಕ್ಕಿ, ಮೂಸಿ, ಇದು ಹೋದ ವರ್ಷದ ಕುಸುಬಿ ಎಂದು ಹೇಳಿಬಿಡುತ್ತಿದ್ದೆ. ಅಣ್ಣ ಈರಣ್ಣನಿಗೆ ಮಾತ್ರ ಗಾಣ ಸೇರಲಿಲ್ಲ. ಎತ್ತು ಗಿರಗಿರ ತಿರುಗುವುದನ್ನು ನೋಡಿದರೆ ಅವನಿಗೆ ತಲೆ ಸುತ್ತುತ್ತಿತ್ತು. ಅವನು ಹೊಸ ಲಾರಿ ಕೊಂಡ. ದೇಶ ಬಿಟ್ಟು ಹೊರಟ ಬಿಳಿಯ ದೊರೆಯೊಬ್ಬನ ಹಳೆಯ ಕಾರನ್ನೂ ಕೊಂಡ. ಲಾರಿ ದುಡಿಯಲಿಕ್ಕೆ, ಕಾರು ದಿನಾ ಒರೆಸಲಿಕ್ಕೆ.

ಶಿಗ್ಲಿಯಲ್ಲಿ ಅಣ್ಣನಿಗೆ ಹೆಣ್ಣು ನೋಡುವುದೆಂದಾಯಿತು. ಕಾರಿನಲ್ಲೇ ಹೋಗಬೇಕೆಂದು ಅವನ ಹಟ. ಎರಡೂ ಗಾಡಿಗೆ ಎಂಜಿನ್ ಎಣ್ಣೆ ತರಲು ನನ್ನನ್ನು ಗದಗಿಗೆ ಕಳಿಸಿದ. ಅಂಗಡಿಯವರು ಎರಡು ಡಬ್ಬಿ ಕೊಟ್ಟು, "ಹಳೇ ಎಂಜಿನ್ ಸವದಿರತೈತಿ, ಅದಕ್ಕ ದಪ್ಪಂದು. ಹೊಸಾದಕ್ಕ ತೆಳ್ಳಂದು" ಎಂದರು. ತಿಳಿಯಿತು. ಮರಳುವಾಗ ಬಸ್ ಡ್ರೈವರನೊಬ್ಬ ಡಬ್ಬಿ ನೋಡಿ, "ಬ್ಯಾಸಗಿಗೆ ದಪ್ಪಂದು, ಚಳಿಗೆ ತೆಳ್ಳಂದು" ಎಂದ. ತಿಳಿದದ್ದು ಕಲಸಿಹೋಯಿತು. ಆಗ ಬೇಸಗೆಯೂ ಅಲ್ಲ, ಚಳಿಯೂ ಅಲ್ಲ! ಮನೆಯಲ್ಲಿ ಅವ್ವ, "ವಯಸ್ಸಾದಾವಕ್ಕ ದಪ್ಪಂದು ಎಲ್ಲಿ ಅರಗತೈತೋ?" ಎಂದಳು. ಕೊನೆಗೆ ಅಂಗೈಗೆ ಹನಿ ಹಾಕಿ ತಿಕ್ಕಿದೆ. ನಮ್ಮ ಮನೆಯಲ್ಲಿ ತಿಳಿಯಾದದ್ದು ಒಗ್ಗರಣೆಗೆ, ತಳದಲ್ಲಿ ಉಳಿಯುವ ದಪ್ಪನೆಯ ಮಡ್ಡಿ ಚಕ್ಕಡಿಯ ಅಚ್ಚಿಗೆ. ಹಿರಿಯ ಗಾಡಿಗೆ ಮಡ್ಡಿ ಹಾಕುವುದೇ? ತೆಳ್ಳನೆಯದನ್ನು ಕಾರಿಗೆ ಹಾಕಿದೆ, ಮಡ್ಡಿಯನ್ನು ಲಾರಿಗೆ ಸುರಿದೆ.

"ಅಂಗಡಿಯಾವ್ರು ಹೇಳಿದಂಗ ಹಾಕಿದಿಲ್ಲೋ?" ಎಂದು ಅಣ್ಣ ಕೇಳಿದ. ನಾನು ತಲೆಯಾಡಿಸಿದೆ.

ಕಾರಿನಲ್ಲಿ ಶಿಗ್ಲಿಗೆ ಹೊರಟೆವು. ಲಕ್ಷ್ಮೇಶ್ವರ ದಾಟುವುದರೊಳಗೆ ಹಿಂದೆ ನೀಲಿ ಹೊಗೆ. ಆಮೇಲೆ ಖಡಖಡ ಸಪ್ಪಳ. ಆಮೇಲೆ ಸಪ್ಪಳವೂ ಇಲ್ಲ. ಎರಡು ಎತ್ತು ಕಟ್ಟಿ ಕಾರನ್ನು ಎಳೆಸಿಕೊಂಡು ಶಿಗ್ಲಿ ಸೇರಿದೆವು. ಕೋಟು ತೊಟ್ಟ ಅಣ್ಣ ಗಂಭೀರವಾಗಿ ಸ್ಟೇರಿಂಗ್ ತಿರುಗಿಸುತ್ತಿದ್ದ. ಹೆಣ್ಣಿನ ಅಜ್ಜಿ ಬಾಗಿಲಲ್ಲೇ, "ಎತ್ತು ಎಳಿಯೂದಾದ್ರ ಚಕ್ಕಡ್ಯಾಗ ಬರಬೇಕಿತ್ತಲ್ರೀ, ಕಾಲು ಚಾಚಿ ಕುಂಡರತಿದ್ರಿ" ಎಂದಳು. ಹುಡುಗಿ ನಕ್ಕಳು, ಆ ನಗುವಿಗೇ ಅಣ್ಣ ಒಪ್ಪಿದ. ಹೆಂಡತಿ ಸಿಕ್ಕಳು, ಕಾರು ಗುಜರಿಗೆ ಹೋಯಿತು.

"ನಾನ ಜೋರ ಹೊಡದೆ. ನನ್ನ ಕೈಯಾಗ ಗಾಡಿ ಉಳಿಯೂದಿಲ್ಲ" ಎಂದು ಅಣ್ಣ ಸ್ಟೇರಿಂಗನ್ನೇ ಬಿಟ್ಟ. ಲಾರಿಗೆ ಡ್ರೈವರನನ್ನು ಇಟ್ಟು, ತಾನು ಗಾಣದ ಮುಂದೆ ಕುಳಿತ. ತಿರುಗುವ ಎತ್ತನ್ನು ನೋಡಲಾರದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಎಂಟು ವರ್ಷ ನಾನು ಅವನ ಬೆನ್ನು ನೋಡಿದೆ.

ಮೊನ್ನೆ ಮುಂಡರಗಿಯಲ್ಲಿ ಹಳೆಯ ಕಾರೊಂದು ಮಾರಾಟಕ್ಕಿದೆಯೆಂದು ಅತ್ತಿಗೆಯೇ ಖಬರು ತಂದಳು. ಅಣ್ಣ ನನ್ನತ್ತ ತಿರುಗಿ, "ಬೇಕಾದ್ರ ತಗೊಳ್ಳೋಣು. ಆದ್ರ ನಾ ಹೊಡ್ಯಂಗಿಲ್ಲ, ಒಂದು ಕೆಡಿಸೀನಿ, ಸಾಕು. ನೀ ಕಲಿ. ಎಣ್ಣಿ ಅಂತೂ ನಿನಗ ಗೊತ್ತೈತಿ" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾರದೆ ಹೇಳಿಯೇಬಿಟ್ಟೆ.

"ಅಣ್ಣಾ, ಕಾರು ಕೆಡಿಸಿದಾವ ನೀ ಅಲ್ಲ, ನಾನು. ಕಾರಿಗಿ ಹಾಕೂ ದಪ್ಪ ಎಣ್ಣಿ ಮಡ್ಡಿ ಅಂತ ತಿಳದು ಲಾರಿಗಿ ಸುರುವಿದೆ. ನೀ ಕೇಳಿದಾಗ ತಲಿ ಆಡಿಸಿದೆ. ತಪ್ಪಾತೋ ಅಣ್ಣಾ. ಏಳು, ಗಾಣದ ಮುಂದ ನಾ ಕುಂಡರತೀನಿ."