ಗೋಡೆಗೆ ನೆನೆಹಾಕಿದ ಬೆಲ್ಲ

ಶಾಂತಮೂರ್ತಿ ಮೇಸ್ತ್ರಿಯ ಹಿತ್ತಲಿನಲ್ಲಿದ್ದ ನಾಲ್ಕು ನೀಲಿ ಡ್ರಮ್ಮುಗಳು ಹದಿನೈದನೆಯ ದಿನ ಬೆಳಗ್ಗೆ ನಾರತೊಡಗಿದವು. ನಾರುವುದೆಂದರೆ ಸುಮ್ಮನೆ ನಾರುವುದಲ್ಲ. ಲೊಕ್ಕನಹಳ್ಳಿಯ ಮೇಲಿನ ಬೀದಿಯಿಂದ ಕೆಳಗಿನ ಬೀದಿಯವರೆಗೆ ಹಲ್ಲುಜ್ಜುತ್ತಿದ್ದವರೆಲ್ಲ ಬ್ರಶ್ಶನ್ನು ಬಾಯಲ್ಲೇ ನಿಲ್ಲಿಸಿ ಮೂಗೆತ್ತುವ ಹಾಗೆ, ಅರ್ಧ ಹುಳಿ ಅರ್ಧ ಸಿಹಿಯಾಗಿ, ಕೆಲವು ಗಂಡಸರಿಗೆ ಹಳೆಯ ದಿನಗಳನ್ನು ನೆನಪಿಸುವ ಹಾಗೆ ನಾರತೊಡಗಿದವು.

ಡ್ರಮ್ಮಿನಲ್ಲಿದ್ದದ್ದು ಬೆಲ್ಲ ಮತ್ತು ಅಳಲೆಕಾಯಿ ನೆನೆಹಾಕಿದ ನೀರು. ಸಣ್ಣಪುಟ್ಟ ಮೇಸ್ತ್ರಿಗಳಿಗೆ ಪರಿಸರಕ್ಕೆ ಒಗ್ಗುವ ಕಟ್ಟಡ ಕೆಲಸ ಕಲಿಸುತ್ತೇವೆ ಎಂದು ಒಂದು ಸರ್ಕಾರಿ ಯೋಜನೆಯವರು ಕೊಳ್ಳೇಗಾಲದಲ್ಲಿ ಮೂರು ದಿನ ತರಬೇತಿ ಇಟ್ಟಿದ್ದರು. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಗೋಡೆಗೆ ಉಸಿರುಕಟ್ಟುತ್ತದೆ, ಸುಣ್ಣ ಮರಳಿಗೆ ಈ ನೀರು ಹಾಕಿ ಗಾರೆ ಕಲಸಿ ಬಳಿದರೆ ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದು ಅಲ್ಲಿನ ಮೇಡಂ ಹೇಳಿದ್ದರು. ಮೈಸೂರಿನಿಂದ ಪರೀಕ್ಷಕರು ಬಂದು ನೋಡಿ ಒಪ್ಪಿದರೆ, ಮಾದಪ್ಪನ ಬೆಟ್ಟದ ಕಾಲುದಾರಿಯಲ್ಲಿರುವ ಹಳೆಯ ತಂಗುಮನೆಗಳನ್ನು ದುರಸ್ತಿ ಮಾಡುವವರ ಪಟ್ಟಿಗೆ ಹೆಸರು ಸೇರುತ್ತಿತ್ತು.

ಆ ಪಟ್ಟಿಯ ಮೇಲೆಯೇ ಮೂರ್ತಿಯ ಜೀವ ನಿಂತಿತ್ತು. ಕಾಂಕ್ರೀಟು ಮಿಕ್ಸರ್ ಇಟ್ಟುಕೊಂಡ ದೊಡ್ಡ ಕಂಟ್ರಾಕ್ಟರುಗಳು ಬಂದ ಮೇಲೆ ಅವನಿಗೆ ಸಿಗುತ್ತಿದ್ದದ್ದು ಕೋಳಿಗೂಡು, ಬಚ್ಚಲ ಕಟ್ಟೆ ಇಷ್ಟೇ. ಈ ಸಲವೂ ಆಗದಿದ್ದರೆ ಗಾರೆ ಬಳಿಯುವ ಕರಣೆಯನ್ನು ಮೂಲೆಗಿಟ್ಟು, ಮೇಸ್ತ್ರಿ ಕೆಲಸಕ್ಕೆ ಕೈಮುಗಿದು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವುದೆಂದು ಹೆಂಡತಿ ಪವಿತ್ರಳಿಗೆ ಹೇಳಿಬಿಟ್ಟಿದ್ದ. ಪರೀಕ್ಷಕರು ಆ ದಿನವೇ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಅವನು ಐದು ಗಂಟೆಗೇ ಎದ್ದು ಹಿತ್ತಲಿಗೂ ಬಾಗಿಲಿಗೂ ಓಡಾಡುತ್ತಿದ್ದ.

ಮೊದಲು ಬಂದವನು ಪಕ್ಕದ ಮನೆಯ ಪುಟ್ಟಮಲ್ಲಪ್ಪ. ಕೈಯಲ್ಲಿ ಚೊಂಬು. ಒಂದು ಕಾಲದಲ್ಲಿ ಕಾಡಂಚಿನ ಹಳ್ಳದಲ್ಲಿ ಕಳ್ಳಭಟ್ಟಿ ಇಳಿಸಿ ಎರಡು ಕೇಸು ಹಾಕಿಸಿಕೊಂಡ ಮನುಷ್ಯ. ಎಂಟು ವರ್ಷದಿಂದ ಅದನ್ನೆಲ್ಲ ಬಿಟ್ಟು ಎರಡು ಎಮ್ಮೆ ಮೇಯಿಸಿಕೊಂಡಿದ್ದ.

"ಮೂರ್ತಿ, ಒಂದ್ ಮಾತೂ ಏಳ್ದಂಗೆ ಸುರು ಮಾಡ್ಬುಟ್ಟಿದ್ದೀಯಲ್ಲ" ಎಂದವನೇ ಚೊಂಬು ಅದ್ದಿ ಒಂದು ಗುಟುಕು ಎತ್ತಿದ. ಅಳಲೆಕಾಯಿಯ ಒಗರಿಗೆ ಅವನ ಮುಖ ಒಣಗಿದ ನೆಲ್ಲಿಕಾಯಿಯ ಹಾಗಾಯಿತು.

"ಕುಡಿಯಕ್ಕಲ್ಲ ಕಣಣ್ಣ, ಗೋಡೆಗೆ."

"ಏಳಕ್ ಇಷ್ಟ ಇಲ್ದಿದ್ರೆ ಏಳ್ಬ್ಯಾಡ. ಪಾಪದ ಗೋಡೆ ಮ್ಯಾಲ್ ಯಾಕ್ ಹಾಕೀಯೆ" ಎಂದು ಪುಟ್ಟಮಲ್ಲಪ್ಪ ಬೇಸರದಿಂದ ಹೊರಟುಹೋದ. ಹೋದವನು ಟೀ ಅಂಗಡಿಯಲ್ಲಿ ಕುಳಿತು, ಮೂರ್ತಿ ಸಾರಾಯಿ ಹಾಕಿದ್ದಾನೆ, ಆದರೆ ಹದ ಗೊತ್ತಿಲ್ಲ ಎಂದು ಎಲ್ಲರಿಗೂ ಹೇಳಿದ.

ಅರ್ಧ ಗಂಟೆಯಲ್ಲಿ ಮಹಿಳಾ ಸಂಘದ ಶಿವನಂಜಮ್ಮ ಐದು ಜನ ಹೆಂಗಸರನ್ನು ಹಿಂದಿಟ್ಟುಕೊಂಡು ಬಂದಳು. ಊರಿನಿಂದ ಸಾರಾಯಿ ಓಡಿಸಿದವಳು ಅವಳೇ. ಈಗ ಓಡಿಸುವುದಕ್ಕೆ ಏನೂ ಉಳಿದಿಲ್ಲವಲ್ಲ ಎಂದು ಎಂಟು ವರ್ಷದಿಂದ ಕೊರಗುತ್ತಿದ್ದಳು.

"ಏನ್ಲಾ ಮೂರ್ತಿ ಇದು?"

"ಬೆಲ್ಲದ ನೀರು ಕಣಕ್ಕ. ಗೋಡೆಗೆ ಬಳಿಯಕ್ಕೆ."

"ಗೋಡೆಗ್ ಬೆಲ್ಲ ಯಾಕ್ಲಾ? ಅದೇನ್ ಎತ್ತದಾ, ಬಾಣಂತನ ಮಾಡಕ್ಕೆ?"

ಹೆಂಗಸರು ನಕ್ಕರು. ಮೂರ್ತಿ ಓಡಿಹೋಗಿ ತರಬೇತಿಯ ಸರ್ಟಿಫಿಕೇಟು ತಂದು ತೋರಿಸಿದ. ಶಿವನಂಜಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಸಾರಾಯಿಗೂ ಸರ್ಟಿಪಿಕೇಟ್ ಕೊಡೋ ಕಾಲ ಬಂತಲ್ಲ ಮಾದಪ್ಪ" ಎಂದು ನಿಟ್ಟುಸಿರು ಬಿಟ್ಟು, ಅಬಕಾರಿ ಇಲಾಖೆಗೆ ಈಗಲೇ ಫೋನು ಮಾಡುವುದಾಗಿ ಹೇಳಿ, ಸಿಗ್ನಲ್ಲು ಸಿಗುವ ಜಾಗ ಹುಡುಕುತ್ತ ನಡೆದಳು.

ಮೂರ್ತಿ ಹಿತ್ತಲಿಗೆ ಓಡಿದ. ಒಂದು ಕೇಸು ಬಿದ್ದರೆ ಮುಗಿಯಿತು, ಯಾವ ಪಟ್ಟಿಯವರೂ ಹತ್ತಿರ ಸೇರಿಸುವುದಿಲ್ಲ. ಚೆಲ್ಲಿಬಿಡೋಣವೆಂದರೆ ಸಂಜೆ ಪರೀಕ್ಷಕರಿಗೆ ತೋರಿಸುವುದಕ್ಕೆ ಬೇರೆ ನೀರಿಲ್ಲ. ಮತ್ತೆ ನೆನೆಹಾಕಲು ಇನ್ನೂ ಹದಿನೈದು ದಿನ ಬೇಕು. ಡ್ರಮ್ಮುಗಳಿಗೆ ಕಂಬಳಿ ಹೊದಿಸಿದ. ಪವಿತ್ರ ಸುತ್ತ ಫಿನಾಯಿಲು ಚಿಮುಕಿಸಿ ಊದುಬತ್ತಿ ಹಚ್ಚಿದಳು. ಈಗ ಹಿತ್ತಲು, ಆಸ್ಪತ್ರೆಯಲ್ಲಿ ಯಾರೋ ಕುಡಿದು ಪೂಜೆ ಮಾಡಿದಂತೆ ನಾತ ಹೊಡೆಯಿತು.

ಹನ್ನೆರಡರ ಹೊತ್ತಿಗೆ ಪುಟ್ಟಮಲ್ಲಪ್ಪ ಮತ್ತೆ ಬಂದ. ಈ ಸಲ ಚೊಂಬಿರಲಿಲ್ಲ. ಟೀ ಅಂಗಡಿಯ ಮಾತು ಎಲ್ಲಿಗೆ ಮುಟ್ಟಿತೆಂದು ತಿಳಿದು ನಿಜವಾಗಿಯೂ ನೊಂದಿದ್ದ.

"ನನ್ ಬಾಯಿಂದ ಆಯ್ತು ಕಣ್ಲಾ. ತೆಪ್ಪು ನಂದೇಯ."

"ಅಬಕಾರಿಯೋರು ಬರ್ಲಿ ಬುಡಣ್ಣ. ಗೋಡೆಗೆ ಅಂತ ನಿಜಾನೇ ಏಳ್ತೀನಿ."

"ಬೆಳಗಿಂದ ಯಾರಾದ್ರೂ ನಂಬುದ್ರಾ? ನಮ್ ಬಾಮೈದ ಕೊಳೆ ಬೆಲ್ಲನ ಎಮ್ಮೆಗೆ ಕಲಗಚ್ಚು ಅಂದಿದ್ದ, ಮೂರ್ ತಿಂಗ್ಳು ಒಳ್ಗಿದ್ದ. ನೀನು ಗೋಡೆಗೆ ಅಂದ್ರೆ ಸರ್ಕಾರನ್ನೇ ಆಡ್ಕತಾನೆ ಅಂತ ಇನ್ನೊಂದ್ ಸೆಕ್ಸನ್ ಜಡೀತಾರೆ. ನಾನ್ ಏಳ್ದಂಗ್ ಕೇಳು. ಡ್ರಮ್ಮು ನಂದಲ್ಲ ಅನ್ನು. ನಂದು ಅಂತ ನಾನ್ ಒಪ್ಕತೀನಿ. ನಂಗೆ ಸ್ಟೇಸನ್ನು ಹೊಸದಾ?"

ಮೂರ್ತಿಯ ಕಣ್ಣಲ್ಲಿ ನೀರು ಬಂತು. ಬೇಡ ಎನ್ನಬೇಕೆಂದು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತ ಸದ್ದಾಯಿತು. ಮುಂದೆ ಕರ್ನಾಟಕ ಸರ್ಕಾರ ಎಂಬ ಬೋರ್ಡು.

ಇಳಿದವರು ಇಬ್ಬರು. ಒಬ್ಬರು ಕನ್ನಡಕದವರು, ಇನ್ನೊಬ್ಬರ ಕೈಯಲ್ಲಿ ಖಾಲಿ ಬಾಟಲಿಗಳ ಚೀಲ. ವಾಸನೆ ಹಿಡಿದುಕೊಂಡೇ ನೇರ ಹಿತ್ತಲಿಗೆ ಬಂದರು. ಹಿಂದೆಯೇ ಊರೂ ಬಂತು.

"ಶಾಂತಮೂರ್ತಿ ಯಾರು?"

"ನಾನೇ ಸಾ."

"ಈ ಡ್ರಮ್ಮೆಲ್ಲ ನಿಮ್ಮದೇ ತಾನೆ?"

"ಅಲ್ಲ ಸಾ. ನಂಗೂ ಇದ್ಕೂ ಏನೂ ಸಂಬಂದ ಇಲ್ಲ."

ಕನ್ನಡಕದವರು ಹುಬ್ಬೇರಿಸಿದರು. "ನಿಮ್ಮದು ಅಂತ ನಮಗೆ ಹೇಳಿದ್ದಾರಲ್ಲ?"

"ಯಾರೋ ಆಗ್ದೋರು ಏಳವ್ರೆ ಸಾ. ಜಾಗ ಖಾಲಿ ಇತ್ತು, ಇಟ್ಟವ್ರೆ ಅಷ್ಟೇಯ."

"ಹಾಗಾದರೆ ಯಾರದು?"

ಪುಟ್ಟಮಲ್ಲಪ್ಪ ಟವಲು ಕೊಡವಿ ಹೆಗಲಿಗೆ ಹಾಕಿ ಮುಂದೆ ಬಂದ. "ನಂದು ಸಾ. ನಾಕೂ ನಂದೇ. ಪುಟ್ಟಮಲ್ಲಪ್ಪ ಅಂತ."

ಬಾಟಲಿಯವರು ಕಂಬಳಿ ಸರಿಸಿ ಸ್ಯಾಂಪಲ್ಲು ತುಂಬಿಕೊಂಡರು, ಫೋಟೋ ಹೊಡೆದರು. ಕನ್ನಡಕದವರು ಬೆರಳದ್ದಿ ಮೂಸಿದರು. "ಎಷ್ಟು ದಿನ ಆಯ್ತು?"

"ಇವತ್ಗೆ ಹದ್ನೈದು."

"ಹದ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?"

ಪುಟ್ಟಮಲ್ಲಪ್ಪನ ಮುಖದ ಕಳೆಯೇ ಬೇರೆಯಾಯಿತು. ಎಂಟು ವರ್ಷದಿಂದ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. "ಡ್ರಮ್ಮಿಗೆ ಕಿವಿ ಕೊಡ್ಬೇಕು ಸಾ. ಒಳ್ಗೆ ಗುಸುಗುಸು ಅಂತಿದ್ರೆ ಇನ್ನೂ ಎಳೇದು. ಸದ್ದು ನಿಂತು, ಮ್ಯಾಲಿನ್ ನೊರೆ ತಳ ಸೇರ್ತು ಅನ್ನಿ, ಅವತ್ಗೆ ಹದ. ಒಂದಿನ ಜಾಸ್ತಿ ಆದ್ರೂ ಹುಳಿ ಏರ್ತದೆ."

"ಯಾರ ಹತ್ರ ಕಲಿತದ್ದು?"

"ನಮ್ಮಪ್ಪ ಸಾ. ಅವ್ರಿಗೆ ಅವ್ರಪ್ಪ. ನಾನು ಬುಟ್ಟು ಎಂಟ್ ವರ್ಸ ಆಗಿತ್ತು. ಇವ್ರೆಲ್ಲ ಸೇರ್ಕಂಡು ಬುಡ್ಸುದ್ರು."

ಕನ್ನಡಕದವರು ಶಿವನಂಜಮ್ಮನ ಕಡೆ ತಿರುಗಿದರು. "ನಿಜವೇನಮ್ಮ?"

"ನಿಜ ಸಾ. ಬೆಲ್ಲ ಕೊಳೆ ಹಾಕದ್ರಲ್ಲಿ ಈ ಸೀಮೆಗೇ ಇವನನ್ನ ಬುಟ್ರೆ ಇನ್ನೊಬ್ಬ ಇಲ್ಲ. ಈ ಮೂರ್ತಿಗೆ ಏನ್ ಗೊತ್ತು, ಇವನ ಮಾತ್ ಕೇಳ್ಕಂಡು ಕುಣೀತಾವ್ನೆ" ಎಂದು ಅವಳು ಗಟ್ಟಿಯಾಗಿ ಸಾಕ್ಷಿ ನುಡಿದಳು.

ಕನ್ನಡಕದವರು ಒಂದು ಹಾಳೆಯ ಮೇಲೆ ಬರೆದರು. ಈ ಡ್ರಮ್ಮುಗಳಿಗೂ ಇದರಲ್ಲಿರುವ ಪದಾರ್ಥಕ್ಕೂ ತನಗೂ ಯಾವುದೇ ಸಂಬಂಧ ಇಲ್ಲ ಎಂಬ ಹೇಳಿಕೆ. ಮೂರ್ತಿ ಎರಡು ಸಲ ಓದಿ, ಬದುಕಿದೆ ಎಂದುಕೊಂಡು, ದಪ್ಪ ಅಕ್ಷರದಲ್ಲಿ ಸಹಿ ಹಾಕಿದ. ಪುಟ್ಟಮಲ್ಲಪ್ಪ ಜೀಪಿನ ಹಿಂದಿನ ಸೀಟಿನ ಕಡೆ ನಡೆಯಲು ಸಿದ್ಧನಾಗಿ ಪವಿತ್ರಳಿಗೆ, "ಎಮ್ಮೆಗ್ ಹುಲ್ ಹಾಕವ್ವ" ಎಂದ.

ಆಗ ಕನ್ನಡಕದವರು ಅವನ ಎರಡೂ ಕೈ ಹಿಡಿದುಕೊಂಡರು.

"ಪುಟ್ಟಮಲ್ಲಪ್ಪನವರೇ, ನಿನ್ನೆಯಿಂದ ಹನ್ನೊಂದು ಮೇಸ್ತ್ರಿಗಳನ್ನ ಪರೀಕ್ಷೆ ಮಾಡಿದ್ದೀವಿ. ಎಲ್ಲರೂ ತರಬೇತಿಯಲ್ಲಿ ಬರ್ಕೊಂಡಿದ್ದನ್ನೇ ಒಪ್ಪಿಸಿದರು. ಗಾರೆ ನೀರಿನ ಹದವನ್ನ ಕಿವಿಯಲ್ಲಿ ಕೇಳೋ ಮನುಷ್ಯ ನೀವೊಬ್ಬರೇ ಸಿಕ್ಕಿದ್ದು. ಸಿಮೆಂಟ್ ಬಂದಮೇಲೆ ಎಲ್ಲ ಊರಲ್ಲೂ ನಿಮ್ಮಂಥವರ ಕಸುಬನ್ನ ಹೀಗೇ ಬಿಡಿಸಿಬಿಟ್ಟರು. ಬೆಟ್ಟದ ಕೆಲಸದ ಪಟ್ಟೀಲಿ ನಿಮ್ಮದೇ ಮೊದಲ ಹೆಸರು. ನಾಲ್ಕಕ್ಕೆ ಬರಬೇಕಿತ್ತು, ಬೇಗ ಮುಗೀತು ಅಂತ ಈಗಲೇ ಬಂದ್ವಿ."

ಮೂರ್ತಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಅರ್ಥವಾದ ಕೂಡಲೇ ಓಡಿ ಬಂದು ಆ ಹಾಳೆಗೆ ಕೈ ಹಾಕಿದ. "ಸಾ, ನಂದು ಸಾ. ಬೆಲ್ಲ ನಂದು, ಡ್ರಮ್ ನಂದು, ನಾನೇ ಸಾ ನೆನೆಹಾಕಿದ್ದು. ನೀವು ಅಬಕಾರಿಯೋರು ಅನ್ಕಂಡು..."

ಕನ್ನಡಕದವರು ಕನಿಕರದಿಂದ ಅವನ ಭುಜ ತಟ್ಟಿದರು. "ಆಸೆ ಯಾರಿಗೆ ಇರಲ್ಲ ಹೇಳಿ. ಬೇರೆಯವರ ಕೆಲಸ ತಮ್ಮದು ಅಂತ ತೋರಿಸೋರು ಬಹಳ ಜನ. ನೀವು ಕೇಳಿದ ಕೂಡಲೇ ನಿಜ ಹೇಳಿ ಸಹಿ ಹಾಕಿದ್ರಿ. ಆ ನಿಯತ್ತು ಕಳ್ಕೋಬೇಡಿ." ಆ ಹಾಳೆಯನ್ನು ಮಡಿಸಿ ಫೈಲಿನಲ್ಲಿಟ್ಟು, ಪರೀಕ್ಷೆ ಮಾಡಬೇಕಾದವರ ಪಟ್ಟಿಯಲ್ಲಿದ್ದ ಶಾಂತಮೂರ್ತಿ ಎಂಬ ಹೆಸರಿನ ಮೇಲೆ ನೀಟಾಗಿ ಗೆರೆ ಎಳೆದರು.

ಮೂರ್ತಿ ಊರಿನವರ ಮುಖ ನೋಡಿದ. ಶಿವನಂಜಮ್ಮ ಇನ್ನೂ ಸಿಗ್ನಲ್ಲು ಸಿಗದ ಫೋನಿನ ಕಡೆ ನೋಡುತ್ತ ನಿಂತಿದ್ದಳು. ಪವಿತ್ರ ಒಳಗೆ ಹೋಗಿ ತಿರುಪ್ಪೂರಿಗೆಂದು ಚೀಲ ಕೊಡವುತ್ತಿದ್ದ ಸದ್ದು ಕೇಳಿಸಿತು. ಜೀಪು ಹೊರಟಿತು, ದೂಳು ಇಳಿಯಿತು, ಜನ ಕರಗಿದರು.

ಹಿತ್ತಲಿನಲ್ಲಿ ಉಳಿದವರು ಇಬ್ಬರೇ. ಪುಟ್ಟಮಲ್ಲಪ್ಪ ಪರೀಕ್ಷಕರು ಕೊಟ್ಟುಹೋದ ಗುರುತಿನ ಕಾರ್ಡನ್ನು ಕುತ್ತಿಗೆಗೆ ಹಾಕಿಕೊಂಡು, ತಪ್ಪು ಮಾಡಿದವನ ಹಾಗೆಯೂ ಮದುಮಗನ ಹಾಗೆಯೂ ನಿಂತಿದ್ದ.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಸೋಮಾರ ಬೆಟ್ಟಕ್ ಬಾ ಅಂದವ್ರೆ. ನನ್ ಕೈಕೆಳಗೆ ಒಬ್ಬ ಆಳು ಇಟ್ಕಬೋದಂತೆ, ನಿನ್ನೇ ಕರ್ಕಂಡ್ ಓಯ್ತೀನಿ."

ಮೂರ್ತಿ ಡ್ರಮ್ಮುಗಳ ಮೇಲೆ ಮತ್ತೆ ಕಂಬಳಿ ಎಳೆದ.

ಪುಟ್ಟಮಲ್ಲಪ್ಪ ಇನ್ನೂ ಹತ್ತಿರ ಬಂದು ದನಿ ತಗ್ಗಿಸಿದ. "ಸಾಯೇಬ್ರು ಓಗೋವಾಗ ಕರಣೆ ತಕಂಡು ಬನ್ನಿ ಅಂದ್ರಲ್ಲ. ಅದ್ನ ಯಾವ್ ಕೈಲಿ ಇಡ್ಕಂಡಾರ್ಲಾ?"