ಪೌರನೀತಿ ಕಲಿತ ಕುದ್ರು

ಪಾಠ ಹೇಳುವ ಕಸುಬಿನಲ್ಲಿ ಎರಡು ಅಪಾಯಗಳಿವೆ. ಹೇಳಿದ್ದು ಮಕ್ಕಳಿಗೆ ಅರ್ಥವಾಗದೇ ಹೋಗುವುದು ಒಂದು, ಅರ್ಥವಾಗಿಬಿಡುವುದು ಇನ್ನೊಂದು. ಮೊದಲನೆಯದು ನಿತ್ಯದ್ದು. ಅದಕ್ಕೆ ನಾವು ಮೇಷ್ಟ್ರುಗಳು ಒಗ್ಗಿಹೋಗಿರುತ್ತೇವೆ, ಸಂಬಳವೂ ನಿಲ್ಲುವುದಿಲ್ಲ. ಎರಡನೆಯದು ಅಪರೂಪ. ನನ್ನ ನೌಕರಿಯಲ್ಲಿ ಒಂದೇ ಒಂದು ಪಾಠವನ್ನು ಮಕ್ಕಳಿಗೆ ಪೂರಾ ಅರ್ಥವಾಗುವಂತೆ ಮಾಡಿದೆ. ಅದರ ಫಲವಾಗಿ ನನ್ನ ಶಾಲೆಯೇ ಮುಚ್ಚಿಹೋಯಿತು.

ಶಾಲೆ ಇದ್ದದ್ದು ಬಸ್ರೂರಿನ ಆಚೆ, ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ಒಂದಷ್ಟು ತೆಂಗಿನ ಮರ, ಮನೆ, ಉಪ್ಪುನೀರು ನುಗ್ಗುವ ಗದ್ದೆ, ಮತ್ತು ನಾಲ್ಕನೇ ಇಯತ್ತೆವರೆಗಿನ ಸರಕಾರಿ ಶಾಲೆ. ಮುಖ್ಯೋಪಾಧ್ಯಾಯಿನಿ ನಾನೇ, ಸಹಶಿಕ್ಷಕಿ ನಾನೇ, ಗಂಟೆ ಹೊಡೆಯುವವಳೂ ನಾನೇ. ಹಾಗಾಗಿ ಸಿಬ್ಬಂದಿಯಲ್ಲಿ ಭಿನ್ನಾಭಿಪ್ರಾಯವೆಂಬುದು ಎಂದೂ ಬರಲಿಲ್ಲ. ಕೋಟೇಶ್ವರದ ನನ್ನ ಮನೆಯಿಂದ ಎರಡು ಬಸ್ಸು ಬದಲಿಸಿ ಹೊಳೆಬದಿಗೆ ಬಂದರೆ, ಅಲ್ಲಿಂದ ಮುಂದೆ ಶೀನಣ್ಣನ ದೋಣಿ. ನನಗೆ ಈಜು ಬಾರದು. ದೋಣಿಯ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಅಕಾರಾದಿಯಾಗಿ ನೆನೆಯುತ್ತ ಕೂರುತ್ತಿದ್ದೆ. ನಡೆಯುವುದಕ್ಕಿಂತ ಮೊದಲು ಈಜು ಕಲಿತ ಕುದ್ರುವಿನ ಮಕ್ಕಳು ದಡದಲ್ಲಿ ಸಾಲಾಗಿ ನಿಂತು ಈ ದೃಶ್ಯವನ್ನು ನೋಡಿ ಆನಂದಿಸುತ್ತಿದ್ದರು. ಶಾಲೆಯ ಹಾಜರಾತಿ ಯಾವತ್ತೂ ಚೆನ್ನಾಗಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ಮೂರನೇ ತರಗತಿಗೆ ಒಂದು ಪಾಠವಿತ್ತು, ನಮಗೆ ನೆರವಾಗುವವರ ಬಗ್ಗೆ. ಅಂಚೆಯವರು ಮನೆಮನೆಗೆ ಪತ್ರ ತಲುಪಿಸುತ್ತಾರೆ, ದಾದಿಯರು ಮನೆಗೆ ಬಂದು ಮದ್ದು ಕೊಡುತ್ತಾರೆ, ಬೆಂಕಿ ಬಿದ್ದರೆ ಕೆಂಪು ವಾಹನ ಬರುತ್ತದೆ ಎಂದೆಲ್ಲ ನಾನು ರಾಗವಾಗಿ ಹೇಳಿದೆ. ಮಕ್ಕಳು ಕಥೆ ಕೇಳುವ ಹಾಗೆ ಕೇಳಿದರು. ಅವರ ಪಾಲಿಗೆ ಅದು ಕಥೆಯೇ. ಅಂಚೆಯವ ಆಚೆ ದಡದಲ್ಲೇ ಸೈಕಲ್ ನಿಲ್ಲಿಸಿ ಟಪಾಲನ್ನು ಶೀನಣ್ಣನ ಕೈಗೆ ಕೊಟ್ಟು ಹೋಗುತ್ತಿದ್ದ. ಮಳೆಗಾಲದಲ್ಲಿ ದಾದಿ ಹೊಳೆಯ ಬಣ್ಣ ನೋಡಿಯೇ ತಿರುಗಿಬಿಡುತ್ತಿದ್ದಳು. ಕೆಂಪು ವಾಹನಕ್ಕೆ ಈಜು ಬರುತ್ತದೆಯೇ ಎಂದು ಒಬ್ಬ ಕೇಳಿದ. ಕಿರುಪರೀಕ್ಷೆಯಲ್ಲಿ, ಪತ್ರ ತಂದುಕೊಡುವವರು ಯಾರು ಎಂಬ ಪ್ರಶ್ನೆಗೆ ಎಲ್ಲರೂ ಬರೆದದ್ದು ಶೀನಣ್ಣ. ರೋಗಿಗಳನ್ನು ಆಸ್ಪತ್ರೆಗೆ ಸೇರಿಸುವವರು ಯಾರು? ಶೀನಣ್ಣ. ಕಳ್ಳರನ್ನು ಹಿಡಿಯುವವರು ಯಾರು? ಅದಕ್ಕೂ ಶೀನಣ್ಣ. ತೆಂಗಿನಕಾಯಿ ಕದ್ದವನೊಬ್ಬನನ್ನು ಆತ ದೋಣಿ ಹತ್ತಿಸಿಕೊಳ್ಳದೆ ಸಂಜೆಯವರೆಗೆ ಕುದ್ರುವಿನಲ್ಲೇ ಕೂರಿಸಿದ್ದನಂತೆ. ಪುಸ್ತಕದ ಪ್ರಕಾರ ಎಲ್ಲ ಉತ್ತರಕ್ಕೂ ಸೊನ್ನೆ ಹಾಕಬೇಕು. ಕುದ್ರುವಿನ ಪ್ರಕಾರ ಎಲ್ಲವೂ ಸರಿ. ಕೊನೆಗೆ ಎಲ್ಲರಿಗೂ ಅರ್ಧರ್ಧ ಅಂಕ ಕೊಟ್ಟು ನ್ಯಾಯ ತೀರಿಸಿದೆ.

ಆದರೆ ಕರಿಹಲಗೆಗೆ ಒರಗಿ ಕೂತಿದ್ದ ಸುಮಿತ್ರಾ ಎಂಬ ಹುಡುಗಿ ನ್ಯಾಯವನ್ನು ಅಷ್ಟಕ್ಕೇ ಬಿಡಲಿಲ್ಲ. ಎಲ್ಲ ಊರಿಗೂ ಇವರೆಲ್ಲ ಬರುವುದಾದರೆ ನಮ್ಮಲ್ಲಿಗೆ ಏಕೆ ಬರುವುದಿಲ್ಲ ಎಂದು ಕೇಳಿದಳು. ಸೇತುವೆ ಇಲ್ಲವಲ್ಲ, ಅದಕ್ಕೆ ಎಂದೆ. ಸೇತುವೆಯನ್ನು ಯಾರು ಕೊಡುವುದು ಎಂದಳು. ಸರಕಾರ ಎಂದೆ. ಕೇಳಿದರೆ ಕೊಡುತ್ತದೆಯೇ ಎಂದಳು. ಕೇಳುವುದು ಪ್ರಜೆಗಳ ಹಕ್ಕು ಎಂದೆ. ಪುಸ್ತಕದಲ್ಲಿ ಇದ್ದದ್ದನ್ನು ಹೇಳಿದೆ, ಅಷ್ಟೇ. ಅದಾದ ಮೇಲೆ ಮಕ್ಕಳು ಬಿಡುವಿನಲ್ಲಿ ಕಬಡ್ಡಿ ಬಿಟ್ಟು ಸೇತುವೆ ಕೇಳುವ ಆಟ ಆಡತೊಡಗಿದರು. ಸರಕಾರದ ಪಾತ್ರಕ್ಕೆ ಮಾತ್ರ ಯಾರೂ ಸಿಗುತ್ತಿರಲಿಲ್ಲ, ಸುಮ್ಮನೆ ಕೂರುವ ಕೆಲಸವೆಂದು ಎಲ್ಲರಿಗೂ ಬೇಜಾರು.

ಆಗಷ್ಟೇ ನಮ್ಮ ಕಡೆ ಪಂಚಾಯ್ತಿಯವರು ಮಕ್ಕಳ ಗ್ರಾಮಸಭೆ ಎಂದು ಶುರು ಮಾಡಿದ್ದರು. ಬೇರೆ ಶಾಲೆಯ ಮಕ್ಕಳು ಬಾಯಿಪಾಠ ಮಾಡಿಬಂದು ಆಟದ ಮೈದಾನ, ಕುಡಿಯುವ ನೀರು ಎಂದು ಚಂದವಾಗಿ ಕೇಳಿದರು. ಎಲ್ಲರಿಗೂ ಚಪ್ಪಾಳೆ, ಎಲ್ಲರಿಗೂ ಬಿಸ್ಕತ್ತು. ನಾನೂ ಸುಮಿತ್ರಾಳಿಗೆ ಪುಸ್ತಕದ ಕನ್ನಡದಲ್ಲಿ ಒಂದು ಭಾಷಣ ಕಲಿಸಿದ್ದೆ. ‘ಮಾನ್ಯ ಅಧ್ಯಕ್ಷರೇ’ ಎಂಬಲ್ಲಿಗೆ ಅವಳಿಗೆ ಅದು ಮರೆತುಹೋಯಿತು. ನಾನು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಆಡಿಸಿ ತೋರಿಸಿದೆ. ಅವಳು ನನ್ನ ಕಡೆ ನೋಡಲಿಲ್ಲ.

“ನನ್ನ ತಮ್ಮ ಹುಟ್ಟದ್ ದೋಣಿಯಗೆ,” ಎಂದಳು. “ಮಳಿ ಬತ್ತಿತ್ತ್. ಎಲ್ಲರೂ ಅವನ್ನ ದೋಣಿ ಮಾಣಿ ಅಂದ್ ಕರ್ದ್ ನೆಗಾಡ್ತ್ರ್. ಅವನ್ನ ಹೆತ್ತ ನನ್ನಬ್ಬಿ ನೆಗಾಡುದಿಲ್ಲೆ. ನಮ್ಗೊಂದ್ ಸೇತುವೆ ಬೇಕ್.”

ಬಿಸ್ಕತ್ತು ಹಂಚುತ್ತಿದ್ದವನ ಕೈ ನಿಂತಿತು. ಆ ದಿನ ಚಪ್ಪಾಳೆ ಬೀಳದ ಭಾಷಣ ಅದೊಂದೇ.

ಸೇತುವೆ ಬಂತು. ನಾಳೆ ನಾಡಿದ್ದಿನಲ್ಲಲ್ಲ. ಅಳೆಯುವವರು ಬಂದರು, ಹೋದರು, ಮತ್ತೆ ಬೇರೆಯವರು ಬಂದು ಹೊಳೆ ಅಷ್ಟೇ ಅಗಲವಿದೆಯೇ ಎಂದು ಇನ್ನೊಮ್ಮೆ ಅಳೆದರು. ಸುಮಿತ್ರಾ ಹೈಸ್ಕೂಲಿಗೆ ಹೋಗುವ ಹೊತ್ತಿಗೆ, ಅವಳ ತಮ್ಮ ಗಣೇಶ ನನ್ನಲ್ಲಿ ಒಂದನೇ ತರಗತಿಗೆ ಸೇರಿದ ವರ್ಷ, ಕಂಬಗಳ ಮೇಲೆ ಹಲಗೆ ಕೂತು ಒಂದು ವಾಹನ ಹೋಗುವಷ್ಟು ಅಗಲದ ಸೇತುವೆ ಎದ್ದು ನಿಂತಿತು. ಉದ್ಘಾಟನೆಯ ದಿನ ಭಾಷಣ ಮಾಡಿದವರೆಲ್ಲ ಸೇತುವೆ ತಮ್ಮಿಂದಲೇ ಆದದ್ದೆಂದರು. ಸುಮಿತ್ರಾ ಹೆಂಗಸರ ಗುಂಪಿನಲ್ಲಿ ನಿಂತು ಪಾನಕ ಕುಡಿಯುತ್ತಿದ್ದಳು. ನಾನು ಸೇತುವೆಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆದೆ, ಯಾವ ದೇವರನ್ನೂ ನೆನೆಯದೆ. ಆ ಮಳೆಗಾಲದಲ್ಲೇ ಹಾವು ಕಚ್ಚಿದ ಮುದುಕರೊಬ್ಬರನ್ನು ಜೀಪಿನಲ್ಲಿ ಕುಂದಾಪುರಕ್ಕೆ ಒಯ್ದು ಉಳಿಸಿಕೊಂಡರು. ಆದ್ದರಿಂದ ಸೇತುವೆ ಬರಬಾರದಿತ್ತು ಎಂದು ನಾನು ಎಲ್ಲಿಯೂ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಅದೇ ನನ್ನ ಕಷ್ಟ. ಬೈಯಲಿಕ್ಕೆ ಯಾರಾದರೂ ಇದ್ದರೆ ದುಃಖ ಅರ್ಧ ಕಡಿಮೆಯಾಗುತ್ತದೆ.

ಮರುವರ್ಷ ಜೂನ್ ತಿಂಗಳಲ್ಲಿ ಸೇತುವೆಯ ಮೇಲೆ ಹಳದಿ ವ್ಯಾನ್ ಬಂತು. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯದ್ದು. ಮೊದಲು ಎರಡು ಮನೆಯ ಮಕ್ಕಳು ಹತ್ತಿದರು. ಮುಂದಿನ ವರ್ಷ ಅವರನ್ನು ನೋಡಿ ಇನ್ನಷ್ಟು ಮಂದಿ. ಮಕ್ಕಳನ್ನು ಕೈಹಿಡಿದು ಹತ್ತಿಸಿ ಇಳಿಸುವ ಕೆಲಸಕ್ಕೆ ವ್ಯಾನಿನವರು ನೇಮಿಸಿಕೊಂಡದ್ದು ಯಾರನ್ನು ಎಂದುಕೊಂಡಿರಿ? ಶೀನಣ್ಣನನ್ನೇ. ನಾನು ಮುಖ ಊದಿಸಿಕೊಂಡು ಇದೆಂತ ಶೀನಣ್ಣ, ನೀವೂ ಹೀಗೆ ಮಾಡಬಹುದೇ ಎಂದು ಕೇಳಿದೆ. ಆತನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. “ಮಕ್ಳನ್ನ ದಾಟ್ಸುದ್ ಅಲ್ದಾ ಟೀಚರೇ ನನ್ನ ಕೆಲ್ಸ? ಈಗ ಹುಟ್ಟ್ ಹಾಕೂದಿಲ್ಲೆ, ಅಷ್ಟೇ,” ಎಂದ.

ಮಕ್ಕಳ ಸಂಖ್ಯೆ ಕುಸಿಯುತ್ತ ಬಂದಾಗ ಇಲಾಖೆಯಿಂದ ಎಚ್ಚರಿಕೆ ಬಂತು. ನಾನು ಮನೆಮನೆಗೆ ಹೋದೆ. ಎಲ್ಲ ಮನೆಯಲ್ಲೂ ಬೆಲ್ಲ ನೀರು ಕೊಟ್ಟರು, ಮಕ್ಕಳನ್ನು ಕೊಡಲಿಲ್ಲ. ಕೊನೆಗೆ ಸುಮಿತ್ರಾಳ ಮನೆ. ಅವಳ ತಾಯಿ ಹೊಳೆಯಿಂದ ತಂದ ಚಿಪ್ಪು ಆರಿಸುತ್ತ ಅಂಗಳದಲ್ಲಿ ಕೂತಿದ್ದಳು. ಗಣೇಶನನ್ನೂ ವ್ಯಾನಿಗೆ ಹಾಕುತ್ತಾರೆಂದು ಕೇಳಿದ್ದೆ. ಕನ್ನಡ, ಊರಿನ ಶಾಲೆ, ನಾಳೆ ಇದು ಮುಚ್ಚಿದರೆ ಎಂದು ನಾನು ಬಹಳ ಹೊತ್ತು ಮಾತಾಡಿದೆ. ಆಕೆ ಗೌರವದಿಂದ ಕೇಳಿಸಿಕೊಂಡಳು. ಆಮೇಲೆ, ಒಂದಿಷ್ಟೂ ಕೊಂಕಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಹಾಗೆ, “ನಿಮ್ಮ ಮಗ ಯಾವ ಶಾಲಿಗೆ ಹೋಪುದ್ ಟೀಚರೇ?” ಎಂದಳು.

ನನ್ನ ಮಗನೂ ಕೋಟೇಶ್ವರದಲ್ಲಿ ಬೆಳಿಗ್ಗೆ ಅಂಥದ್ದೇ ಒಂದು ವ್ಯಾನ್ ಹತ್ತುತ್ತಿದ್ದ. ಅವನ ಅಪ್ಪನ ಹಟ ಎಂದೆ. ಅದು ಸುಳ್ಳಲ್ಲ. ಆದರೆ ಟೈ ಕಟ್ಟಿ ಕಳಿಸುತ್ತಿದ್ದವಳು ನಾನೇ. ಆಕೆ ತಲೆಯಾಡಿಸಿ ಇನ್ನೊಂದು ಲೋಟ ಬೆಲ್ಲ ನೀರು ತಂದಳು. ಮೆಟ್ಟಿಲ ಬಳಿ ಓದುತ್ತ ಕೂತಿದ್ದ ಸುಮಿತ್ರಾ ತಲೆ ಎತ್ತಲಿಲ್ಲ. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕೊನೆಗೆ ಒಂದು ಬೇಸಿಗೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ಮಕ್ಕಳೇ ಇರಲಿಲ್ಲ. ನಮ್ಮ ಶಾಲೆಯನ್ನು ಆಚೆ ದಡದ ಶಾಲೆಯೊಂದಿಗೆ ಸೇರಿಸಿದರು. ವಿಲೀನ ಎಂಬುದು ಅದಕ್ಕೆ ಸರಕಾರಿ ಪದ. ಸಕ್ಕರೆ ಹಾಲಿನಲ್ಲಿ ಸೇರುವ ಹಾಗೆ ಕೇಳಿಸುತ್ತದೆ. ಬೆಂಚು, ಕಪಾಟು, ಗ್ಲೋಬು ಎಲ್ಲ ಟೆಂಪೊದಲ್ಲಿ ಹೋದವು. ಮರುದಿನ ಬೀಗ ಹಾಕಿ ಬರಲಿಕ್ಕೆ ಯಾರ ಕಣ್ಣಿಗೂ ಬೀಳದ ಹಾಗೆ ಬೆಳಿಗ್ಗೆ ಬೇಗನೆ ಹೋದೆ. ಖಾಲಿ ಕೋಣೆಯಲ್ಲಿ ಕೆಮ್ಮಿದರೆ ಇನ್ನೊಬ್ಬ ಟೀಚರು ಕೆಮ್ಮಿದ ಹಾಗೆ ಕೇಳುತ್ತಿತ್ತು. ಇಷ್ಟು ವರ್ಷ ಬೇಕು ಬೇಕು ಎಂದು ಅರ್ಜಿ ಹಾಕಿದ್ದ ಸಹೋದ್ಯೋಗಿ ಕೊನೆಗೂ ಸಿಕ್ಕಿದಳು. ಬೀಗ ಹಾಕಿ ಸೇತುವೆಯ ಕಡೆ ಹೆಜ್ಜೆ ಹಾಕಿದೆ.

ಅರ್ಧ ದಾರಿಯಲ್ಲಿ ಹಿಂದಿನಿಂದ ವ್ಯಾನ್ ಬಂದು ನಿಂತಿತು. “ಹ್ವಾಯ್ ಟೀಚರೇ, ಹತ್ತಿ,” ಎಂದು ಶೀನಣ್ಣ ಬಾಗಿಲು ತೆಗೆದ. ಬೇಡವೆನ್ನಲು ಬಾಯಿ ತೆರೆದೆ. ಆದರೆ ಆತನ ಕೈ ಎಷ್ಟೋ ವರ್ಷದ ಅಭ್ಯಾಸದಿಂದ ನನ್ನ ಚೀಲವನ್ನು ಆಗಲೇ ಒಳಗೆ ತೆಗೆದುಕೊಂಡಿತ್ತು. ಹತ್ತಿದೆ. ಒಳಗೆ ನನ್ನ ಮಕ್ಕಳೇ, ಎಲ್ಲರೂ. ಟೈ ಕಟ್ಟಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಪರಿಚಯವಿದ್ದೂ ಇಲ್ಲದವರಂತೆ ನಾಚಿ ಕೂತಿದ್ದರು. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತೆ. ಆಗ ಕಿಟಕಿಯ ಬದಿಯಲ್ಲಿದ್ದ ಗಣೇಶ ಎದ್ದು ಪಕ್ಕಕ್ಕೆ ಸರಿದ. ಪರವಾಗಿಲ್ಲ, ನೀನೇ ಕೂತುಕೋ ಎಂದೆ. ಅವನು ಒಪ್ಪಲಿಲ್ಲ. ಹಿರಿಯ ನಾಗರಿಕರಿಗೆ ಜಾಗ ಬಿಟ್ಟುಕೊಡಬೇಕೆಂದು ನಾನೇ ಪಾಠದಲ್ಲಿ ಹೇಳಿದ್ದೆನಂತೆ.

ನನಗೆ ಆಗಿನ್ನೂ ನಲವತ್ತೂ ಸರಿಯಾಗಿ ದಾಟಿರಲಿಲ್ಲ.

“ಕೂಕಣಿ, ಮಿಸ್,” ಎಂದ ಗಣೇಶ.

ಕೂತೆ.